ಬಾಹ್ಯಾಕಾಶದ ಕಲ್ಲಿಗೆ ಎಷ್ಟು ಬಿಸಿ, ಎಷ್ಟು ಚಳಿ?

ಏಪ್ರಿಲ್ ಮಧ್ಯಾಹ್ನ ಗದಗ ಸಮೀಪದ ಅಸುಂಡಿಯಲ್ಲಿ ನೆರಳಿಗಿಟ್ಟ ಥರ್ಮಾಮೀಟರ್ 40 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಅದು ಅಳೆಯುವುದು ಗಾಳಿಯ ಬಿಸಿಯನ್ನು. ಊರಿಗೆಲ್ಲ ಒಂದೇ ಗಾಳಿಯಾದ್ದರಿಂದ ‘ಇವತ್ತು ಇಷ್ಟು ಡಿಗ್ರಿ’ ಎಂದು ಒಂದೇ ಅಂಕಿಯಲ್ಲಿ ಹೇಳಿಬಿಡಬಹುದು. ಗಾಳಿಯೇ ಇಲ್ಲದ ಕಡೆ ಈ ಲೆಕ್ಕ ನಡೆಯುವುದಿಲ್ಲ. ಒಂದು ಕ್ಷುದ್ರಗ್ರಹ ಎಷ್ಟು ಬಿಸಿ ಎಂದು ಕೇಳಿದರೆ ಉತ್ತರಕ್ಕಿಂತ ಮೊದಲು ಮರುಪ್ರಶ್ನೆಗಳೇ ಬರುತ್ತವೆ: ಸೂರ್ಯನಿಂದ ಎಷ್ಟು ದೂರ? ಬಿಸಿಲು ಬಿದ್ದ ಮೈಯೋ, ಕತ್ತಲ ಮೈಯೋ? ಮೇಲ್ಮೈಯೋ, ಒಳಗೋ? ಆವಿಯಾಗುವ ಹಿಮ ಇದೆಯೋ ಇಲ್ಲವೋ? ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ತಾಪಮಾನ ತಾನಾಗಿ ಹೊರಬೀಳುತ್ತದೆ.

ದೂರದ ಲೆಕ್ಕ

ಬಾಹ್ಯಾಕಾಶದ ಕಲ್ಲಿಗೆ ಬಿಸಿ ಬರುವುದು ಸೂರ್ಯನ ಬೆಳಕಿನಿಂದ. ಹೋಗುವುದಕ್ಕೆ ಇರುವ ದಾರಿಯೂ ಒಂದೇ: ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುವುದು. ಬಂದಷ್ಟೇ ಹೋಗತೊಡಗಿದಾಗ ತಾಪಮಾನ ಒಂದು ಕಡೆ ನಿಲ್ಲುತ್ತದೆ.

ಭೂಮಿಯಷ್ಟು ದೂರದಲ್ಲಿ, ಸೂರ್ಯನಿಗೆ ನೇರ ಮುಖ ಮಾಡಿದ ಪ್ರತಿ ಚದರ ಮೀಟರಿಗೆ ಸುಮಾರು 1,361 ವಾಟ್ ಶಕ್ತಿ ಬೀಳುತ್ತದೆ. ದೂರ ನಾಲ್ಕು ಪಟ್ಟಾದರೆ ಬಿಸಿಲು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಕೆಲ್ವಿನ್ ಅಳತೆಯಲ್ಲಿ ತಾಪಮಾನ ಇಳಿಯುವುದು ಅರ್ಧಕ್ಕೆ ಮಾತ್ರ. ಏಕೆಂದರೆ ಎರಡು ಪಟ್ಟು ಬಿಸಿಯಾದ ವಸ್ತು ಹದಿನಾರು ಪಟ್ಟು ಶಾಖವನ್ನು ಹೊರಸೂಸುತ್ತದೆ.

ಇದರಿಂದ ಒಂದು ಕೈಲೆಕ್ಕ ಸಿಗುತ್ತದೆ. ಸೂರ್ಯ–ಭೂಮಿಯ ಅಂತರ, ಅಂದರೆ ಸುಮಾರು 15 ಕೋಟಿ ಕಿಲೋಮೀಟರನ್ನು 1 ಎಂದುಕೊಳ್ಳಿ. ಕಲ್ಲು ಎಷ್ಟು ದೂರದಲ್ಲಿದೆಯೋ ಆ ಸಂಖ್ಯೆಯ ವರ್ಗಮೂಲ ತೆಗೆದು, ಅದರಿಂದ 278ನ್ನು ಭಾಗಿಸಿ, ಬಂದದ್ದರಲ್ಲಿ 273 ಕಳೆಯಿರಿ. ಕಪ್ಪು ಕಲ್ಲೊಂದರ ಸರಾಸರಿ ತಾಪಮಾನ ಸೆಲ್ಸಿಯಸ್‌ನಲ್ಲಿ ಸಿಗುತ್ತದೆ. ಭೂಮಿಯ ದೂರದಲ್ಲಿ ಅದು 5 ಡಿಗ್ರಿ. ಗುರುಗ್ರಹದ ದೂರದಲ್ಲಿ (5.2) ಮೈನಸ್ 151, ನೆಪ್ಚೂನಿನ ದೂರದಲ್ಲಿ (30) ಮೈನಸ್ 222.

1988ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹವನ್ನು ಪತ್ತೆಹಚ್ಚಿದರು. ಇಂದು ಅದರ ಹೆಸರು 4130 ರಾಮಾನುಜನ್. ಅದು ಸುತ್ತುವುದು ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ. ಪಟ್ಟಿಯ ನಡುಭಾಗಕ್ಕೆ, ಅಂದರೆ 2.8ರ ದೂರಕ್ಕೆ, ಇದೇ ಲೆಕ್ಕ ಹಾಕಿದರೆ ಬರುವುದು ಮೈನಸ್ 107.

ಹಗಲು, ರಾತ್ರಿ, ಆಳ

ಸರಾಸರಿ ಹೇಳುವುದು ಅರ್ಧ ಸಂಗತಿ ಮಾತ್ರ. ಭೂಮಿಯ ದೂರದಲ್ಲೇ ಇದ್ದರೂ ಸೂರ್ಯ ನೆತ್ತಿಯ ಮೇಲಿರುವ ಜಾಗದಲ್ಲಿ ಕಪ್ಪು ಕಲ್ಲು 120 ಡಿಗ್ರಿ ಮುಟ್ಟಬಲ್ಲದು. ಒಸೈರಿಸ್-ರೆಕ್ಸ್ ನೌಕೆ ಹೋಗಿ ಮಣ್ಣು ತಂದ ಬೆನ್ನು ಕ್ಷುದ್ರಗ್ರಹ ತನ್ನ ಸುತ್ತ ತಿರುಗಲು 4.3 ಗಂಟೆ ಸಾಕು. ಅಷ್ಟರಲ್ಲೇ ಅದರ ಮೈ 127 ಡಿಗ್ರಿಯವರೆಗೆ ಕಾದು, ರಾತ್ರಿ ಮೈನಸ್ 23ಕ್ಕೆ ಇಳಿಯುತ್ತದೆ. ದಿನಕ್ಕೆ ಹಲವು ಬಾರಿ ಹೀಗೆ ಹಿಗ್ಗಿ ಕುಗ್ಗಿ ಅಲ್ಲಿನ ಬಂಡೆಗಳು ಸೀಳಿರುವುದನ್ನು ನೌಕೆಯ ಚಿತ್ರಗಳು ತೋರಿಸಿವೆ.

ಆಳದ ಪ್ರಶ್ನೆಗೆ ಚೆನ್ನಾದ ಉತ್ತರ ಕೊಟ್ಟಿರುವುದು ನಮ್ಮದೇ ಉಪಕರಣ. ಚಂದ್ರನಲ್ಲೂ ಗಾಳಿಯಿಲ್ಲ; ಅನೇಕ ಕ್ಷುದ್ರಗ್ರಹಗಳಂತೆ ಅಲ್ಲೂ ಮೇಲೆ ಹರಡಿರುವುದು ಪುಡಿಮಣ್ಣು. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ‘ಚಾಸ್ಟೆ’ ಉಪಕರಣ ತನ್ನ ಹತ್ತು ಸಂವೇದಕಗಳ ಶಲಾಕೆಯನ್ನು ಆ ಮಣ್ಣಿಗಿಳಿಸಿತು. ಕೆಲವೇ ದಿನಗಳಲ್ಲಿ ಇಸ್ರೋ ಪ್ರಕಟಿಸಿದ ನಕ್ಷೆಯಲ್ಲಿ ಮೇಲ್ಮೈ ತಾಪ 50 ಡಿಗ್ರಿ ಮೀರಿತ್ತು. ಎಂಟು ಸೆಂಟಿಮೀಟರ್ ಕೆಳಗೆ ಮೈನಸ್ 10. ಗೇಣುದ್ದವೂ ಇಲ್ಲದ ಆಳದಲ್ಲಿ ಅರವತ್ತು ಡಿಗ್ರಿ ವ್ಯತ್ಯಾಸ! ಸಡಿಲ ಪುಡಿಯ ಕಣಗಳ ನಡುವೆ ಗಾಳಿಯೂ ಇಲ್ಲದಿರುವುದರಿಂದ ಶಾಖ ಕೆಳಗಿಳಿಯಲು ದಾರಿಯೇ ಸಿಗುವುದಿಲ್ಲ.

ಹಿಮದ ಆಟ

ಧೂಮಕೇತುವಿನಲ್ಲಿ ಹಿಮವಿದೆ ಎಂದಮೇಲೆ ಅದರ ಮೈ ಬೆಳ್ಳಗಿರಬೇಕು ಅನಿಸುತ್ತದೆ. ನಿಜದಲ್ಲಿ ಅದು ಇದ್ದಿಲಿಗಿಂತ ಕಪ್ಪು. ಹ್ಯಾಲಿ ಧೂಮಕೇತುವಿನ ಗಡ್ಡೆ ಬಿದ್ದ ಬೆಳಕಿನಲ್ಲಿ ಮರಳಿಸುವುದು ನೂರಕ್ಕೆ ನಾಲ್ಕು ಪಾಲು ಮಾತ್ರ. 2014ರ ಜುಲೈನಲ್ಲಿ ರೊಸೆಟ್ಟಾ ನೌಕೆ 67ಪಿ ಧೂಮಕೇತುವನ್ನು ಸಮೀಪಿಸಿದಾಗ ಅದು ಸೂರ್ಯನಿಂದ 55 ಕೋಟಿ ಕಿಲೋಮೀಟರ್ ಆಚೆ ಇತ್ತು. ಅಳತೆಗೆ ಸಿಕ್ಕ ಸರಾಸರಿ ತಾಪ ಮೈನಸ್ 70. ಮೈಯೆಲ್ಲ ಹಿಮವೇ ಆಗಿದ್ದರೆ ಇನ್ನೂ 20–30 ಡಿಗ್ರಿ ಕಡಿಮೆ ಇರಬೇಕಿತ್ತು. ಮೇಲಿರುವುದು ಒಣ ಕಪ್ಪು ದೂಳಿನ ಪದರ, ಹಿಮ ಅದರಡಿ ಅಡಗಿದೆ ಎಂದು ಆ ಒಂದೇ ಅಂಕಿಯಿಂದ ತಿಳಿಯಿತು.

ಸೂರ್ಯನತ್ತ ಬಂದಂತೆ ಅಡಗಿದ ಹಿಮ ನೀರಾಗದೆ ನೇರ ಆವಿಯಾಗುತ್ತದೆ. ಆವಿ ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಮಣ್ಣಿನ ಹರವಿಯ ಮೈಯಿಂದ ನೀರು ಆರುತ್ತಾ ಒಳಗಿನ ನೀರನ್ನು ತಣ್ಣಗಿಡುವುದೂ ಹೀಗೆಯೇ. ಅದಕ್ಕೇ ಭೂಮಿಯಷ್ಟು ದೂರದಲ್ಲಿ ಬಿಸಿಲಿಗೆ ತೆರೆದ ಹಿಮದ ತೇಪೆ ಮೈನಸ್ 70ರ ಸುತ್ತಮುತ್ತಲೇ ಉಳಿದರೆ, ಪಕ್ಕದ ಒಣ ದೂಳು ನೀರು ಕುದಿಯುವಷ್ಟು ಕಾದಿರಬಹುದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಮುಂಜಾವಿನಲ್ಲೂ ಕಂಡ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಸೂರ್ಯನಿಗೆ 5.8 ಕೋಟಿ ಕಿಲೋಮೀಟರ್ ಹತ್ತಿರ ಹೋಗಿತ್ತು. ಅಲ್ಲಿ ಒಣ ಕಪ್ಪು ಕಲ್ಲು 350 ಡಿಗ್ರಿ ದಾಟಬಲ್ಲದು. ಧೂಮಕೇತು ಮಾತ್ರ ಆವಿ ಚೆಲ್ಲುತ್ತಾ ಉಳಿದುಕೊಂಡಿತು. ಎಲ್ಲಕ್ಕೂ ಆ ಅದೃಷ್ಟವಿಲ್ಲ: 2013ರ ನವೆಂಬರ್ 28ರಂದು ಸೂರ್ಯನನ್ನು ತೀರಾ ಸಮೀಪದಿಂದ ಬಳಸಿದ ಐಸಾನ್ ಧೂಮಕೇತು ಚೂರುಚೂರಾಯಿತು.

ಅಸುಂಡಿಯ ಆಕಾಶದಲ್ಲಿ ಕಾಣುವುದು

ಅತಿ ಕಾಯುವ ಕಲ್ಲುಗಳಲ್ಲಿ ಒಂದು ಫೇಥನ್ ಎಂಬ ಕ್ಷುದ್ರಗ್ರಹ. ಒಂದೂವರೆ ವರ್ಷದೊಳಗೆ ಒಂದು ಸುತ್ತು ಮುಗಿಸುವ ಅದು ಪ್ರತಿ ಸಲ ಸೂರ್ಯನಿಂದ 2.1 ಕೋಟಿ ಕಿಲೋಮೀಟರ್ ದೂರದವರೆಗೆ ಹೋಗುತ್ತದೆ. ಆಗ ಅದರ ಮೈ ಸುಮಾರು 750 ಡಿಗ್ರಿ. ಕಲ್ಲಿನೊಳಗಿನ ಸೋಡಿಯಂ ಕೂಡ ಆವಿಯಾಗುತ್ತದೆ. ಅದೇ ದಾರಿಯಲ್ಲಿ ಹರಡಿದ ಪುಡಿಯನ್ನು ಭೂಮಿ ಪ್ರತಿ ಡಿಸೆಂಬರ್ 13–14ರ ಸುಮಾರಿಗೆ ಹಾಯುತ್ತದೆ. ಅದೇ ಜೆಮಿನಿಡ್ ಉಲ್ಕಾವೃಷ್ಟಿ. ಗದಗ ಸೀಮೆಯಿಂದ ನೋಡುವವರು ಊರ ದೀಪಗಳಿಂದ ಆಚೆ ಹೊಲಕ್ಕೆ ಹೋಗಿ, ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬಿಡಬೇಕು. ರಾತ್ರಿ ಎರಡರ ಹೊತ್ತಿಗೆ ಮಿಥುನ ರಾಶಿ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತದೆ. ಉಲ್ಕೆಗಳು ಅಲ್ಲಿಂದ ಹೊರಟಂತೆ ಕಾಣುತ್ತವೆ. ಅವು ಹೊತ್ತಿಕೊಳ್ಳುವುದು ಫೇಥನ್ ಬಿಸಿಯಿಂದಲ್ಲ, ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ವಾಯುಮಂಡಲಕ್ಕೆ ನುಗ್ಗುವುದರಿಂದ.

ಬಿಸಿ ದಾರಿ ತಪ್ಪಿಸುತ್ತದೆ

ಹಗಲೆಲ್ಲ ಕಾದ ಮೈ ಶಾಖವನ್ನು ಹೊರಬಿಡುವಾಗ ಕಲ್ಲನ್ನು ಅತಿ ಸಣ್ಣಗೆ ಹಿಂದಕ್ಕೆ ತಳ್ಳುತ್ತದೆ. ಮಧ್ಯಾಹ್ನ ದಾಟಿದ ಮೈ ಹೆಚ್ಚು ಬಿಸಿ ಇರುವುದರಿಂದ ಈ ತಳ್ಳು ಒಂದೇ ಕಡೆಗೆ ಕೂಡುತ್ತಾ ಹೋಗುತ್ತದೆ. ಬೆನ್ನುವಿನ ಕಕ್ಷೆ ಇದರಿಂದಲೇ ವರ್ಷಕ್ಕೆ ಸುಮಾರು 284 ಮೀಟರ್ ಒಳಸರಿಯುತ್ತಿದೆ. 2182ರ ಸೆಪ್ಟೆಂಬರಿನಲ್ಲಿ ಅದು ಭೂಮಿಗೆ ಬಡಿಯುವ ಸಾಧ್ಯತೆ 2,700ರಲ್ಲಿ ಒಂದು ಎಂದು ಹೇಳಲು ಸಾಧ್ಯವಾದದ್ದೂ ಅದರ ತಾಪಮಾನ ಗೊತ್ತಿದ್ದುದರಿಂದ.

ಬಿದ್ದ ಕಲ್ಲು ಸುಡುತ್ತದೆಯೇ?

ಕರ್ನಾಟಕದಲ್ಲಿ ಬಿದ್ದ ಕಲ್ಲುಗಳೂ ದಾಖಲೆಯಲ್ಲಿವೆ: 1865ರ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯಲ್ಲಿ ಒಂದು, 1866ರಲ್ಲಿ ಉಡುಪಿಯಲ್ಲಿ ಇನ್ನೊಂದು. ಬೆಂಕಿಯುಂಡೆಯಾಗಿ ಬರುವ ಕಲ್ಲು ನೆಲದಲ್ಲಿ ಕೆಂಡದಂತಿರುತ್ತದೆ ಎಂಬ ನಂಬಿಕೆ ವ್ಯಾಪಕ. ಆದರೆ ಉರಿಯುವುದು ಕೆಲವು ಸೆಕೆಂಡು ಮಾತ್ರ. ಕರಗಿದ ಮೇಲ್ಪದರ ಶಾಖದ ಸಮೇತ ಕಳಚಿಹೋಗುತ್ತದೆ. ಉಳಿಯುವ ಕಪ್ಪು ಸಿಪ್ಪೆ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಒಳಗೆ ಬಾಹ್ಯಾಕಾಶದ ತಂಪೇ ಇರುತ್ತದೆ, ಆಮೇಲೆ ಕಲ್ಲು ವೇಗ ಕಳೆದುಕೊಂಡು ಮೈಕೊರೆಯುವ ಮೇಲ್ಗಾಳಿಯಲ್ಲಿ ಇಳಿಯುತ್ತದೆ. ಹಾಗಾಗಿ ಚಿಕ್ಕ ಉಲ್ಕಾಶಿಲೆ ಕೈಗೆ ಸಿಕ್ಕಾಗ ತಣ್ಣಗೋ ಉಗುರುಬೆಚ್ಚಗೋ ಇರುತ್ತದೆ.

ಅಂಥದ್ದು ಸಿಕ್ಕರೆ ತೊಳೆಯಬೇಡಿ, ಅಯಸ್ಕಾಂತ ತಾಗಿಸಬೇಡಿ; ಅದರೊಳಗಿನ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದೆ. ಬಿದ್ದ ಜಾಗದ ಫೋಟೊ ತೆಗೆದು, ಕಲ್ಲನ್ನು ಶುದ್ಧ ಚೀಲದಲ್ಲಿಟ್ಟು, ತಹಶೀಲ್ದಾರ್ ಕಚೇರಿಗೆ ತಿಳಿಸಿ. ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಇನ್ನು, ಆಕಾಶದಿಂದ ಬಿದ್ದ ಕಲ್ಲು ಬಣವೆಗೆ ಬೆಂಕಿ ಹಚ್ಚಿತು ಎಂದು ಯಾರಾದರೂ ಹೇಳಿದರೆ, ಬೆಂಕಿಗೆ ಬೇರೆ ಕಾರಣ ಹುಡುಕುವುದು ಮೇಲು.