ಕೆರೆ ಮಾಡೋ ಕೆಲಸಕ್ಕೆ ಬಿಲ್ ಹಾಕಿದ್ರೆ ಎಷ್ಟಾಗುತ್ತೆ?

ಮೈಸೂರು: ಕುಂಬಾರಕೊಪ್ಪಲಿನಲ್ಲಿ ಸೈಟಿನ ರೇಟ್ ಎಷ್ಟು ಅಂತ ಕೇಳಿದರೆ ಟೀ ಅಂಗಡಿ ಮುಂದೆ ನಿಂತವರೆಲ್ಲ ಹೇಳುತ್ತಾರೆ. ಹತ್ತಿರದ ಹೆಬ್ಬಾಳ ಕೆರೆಯ ಬೆಲೆ ಎಷ್ಟು ಅಂದರೆ ಯಾರೂ ಬಾಯಿ ಬಿಡಲ್ಲ. ಕೆರೆ ಮಾರೋ ವಸ್ತುವಲ್ಲ, ನಿಜ. ಆದರೆ ಅದು ಮಾಡುವ ಕೆಲಸಕ್ಕೆ ಬೆಲೆ ಇದೆ.

ಏನು ಕೆಲಸ?

ಕೆರೆ ಮಳೆ ನೀರು ಹಿಡಿದು ನೆಲಕ್ಕೆ ಇಳಿಸುತ್ತದೆ. ಅದರಿಂದ ಬೋರ್‌ವೆಲ್‌ಗಳಿಗೆ ಜೀವ. ಜೋರು ಮಳೆ ಬಂದಾಗ ತಗ್ಗಿನ ಮನೆ, ಅಂಗಡಿಗೆ ನುಗ್ಗುವ ನೀರನ್ನು ತಡೆಯುತ್ತದೆ. ಮೀನು, ದನಕ್ಕೆ ಹುಲ್ಲು, ಮಡಕೆಗೆ ಜೇಡಿಮಣ್ಣು ಎಲ್ಲ ಕೆರೆಗಳಿಂದಲೇ ಬಂದದ್ದು. ಇದನ್ನೇ ಅರ್ಥಶಾಸ್ತ್ರಜ್ಞರು ‘ಪ್ರಕೃತಿಯ ಸೇವೆ’ ಅನ್ನುತ್ತಾರೆ.

ಲೆಕ್ಕ ಹಾಕೋದು ಹೇಗೆ?

ಮೀನು, ಹುಲ್ಲಿಗೆ ಮಾರುಕಟ್ಟೆ ದರವೇ ಸಾಕು. ಉಳಿದದ್ದಕ್ಕೆ ಒಂದು ಸರಳ ಪ್ರಶ್ನೆ: ಕೆರೆ ಈ ಕೆಲಸ ನಿಲ್ಲಿಸಿದರೆ ನಮ್ಮ ಜೇಬಿನಿಂದ ಎಷ್ಟು ಹೋಗುತ್ತೆ? ಬೋರ್ ಬತ್ತಿದರೆ ಟ್ಯಾಂಕರ್ ದುಡ್ಡು. ನೀರು ನುಗ್ಗಿದರೆ ಅಂಗಡಿ ಮಾಲಿನ ನಷ್ಟ.

ಹೆಬ್ಬಾಳ ಕೆರೆಯೇ ಉದಾಹರಣೆ. ಕೆರೆ ಸ್ವಲ್ಪ ಕೊಳೆಯನ್ನು ತಾನೇ ಅರಗಿಸಿಕೊಳ್ಳುತ್ತದೆ, ಅದೂ ಬಿಟ್ಟಿಯಾಗಿ. ಆದರೆ ಅದಕ್ಕೊಂದು ಮಿತಿ ಇದೆ. ಇಲ್ಲಿ ಒಳಚರಂಡಿ ನೀರು ಹರಿದು ಆ ಮಿತಿ ದಾಟಿತು. ಕೊನೆಗೆ ಇನ್ಫೋಸಿಸ್ ಫೌಂಡೇಶನ್ ಹಣ ಹಾಕಿ ಕೆರೆಗೆ ಮರುಜೀವ ಕೊಡಬೇಕಾಯಿತು, ಕೊಳಚೆ ನೀರು ಶುದ್ಧೀಕರಣ ಘಟಕವನ್ನೂ ಕಟ್ಟಬೇಕಾಯಿತು. ಘಟಕ ಅಂದಮೇಲೆ ಕರೆಂಟು, ಸಿಬ್ಬಂದಿ, ರಿಪೇರಿ ಎಲ್ಲದಕ್ಕೂ ಖರ್ಚು. ಎಲ್ಲ ಕೆರೆಗೂ ಇಂಥ ದಾನಿ ಸಿಗಲ್ಲ.

ಪೆಟ್ಟು ಬಡವರಿಗೆ

ಭಾರತದ ಪವನ್ ಸುಖದೇವ್ ನೇತೃತ್ವದಲ್ಲಿ ವಿಶ್ವಸಂಸ್ಥೆ ಬೆಂಬಲದಿಂದ ನಡೆದ ‘ಟೀಬ್’ ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ ಕಾಡು, ಕೆರೆ, ಹೊಲ ನಂಬಿದ ಬಡವರ ಆದಾಯದಲ್ಲಿ ಶೇ 47ರಷ್ಟು ಪ್ರಕೃತಿಯ ಕೊಡುಗೆ. ದೇಶದ ಜಿಡಿಪಿ ಲೆಕ್ಕದಲ್ಲಿ ಇದರ ಬಹುಪಾಲು ಕಾಣಲ್ಲ. ಕೆರೆ ಹಾಳಾದರೆ ಉಳ್ಳವರು ಟ್ಯಾಂಕರ್ ತರಿಸುತ್ತಾರೆ, ಇಲ್ಲದವರು ಕೊಡ ಹಿಡಿದು ಕಾಯುತ್ತಾರೆ.

ಈ ಲೆಕ್ಕ ಬರೆಯಲು 2017ರಲ್ಲಿ ಶುರುವಾದ ವಿಶ್ವಸಂಸ್ಥೆಯ ಯೋಜನೆಗೆ ಭಾರತ, ಬ್ರೆಜಿಲ್, ಚೀನಾ, ಮೆಕ್ಸಿಕೊ, ದಕ್ಷಿಣ ಆಫ್ರಿಕಾ ಸೇರಿದವು. ಭಾರತದಲ್ಲಿ ಪ್ರಾಯೋಗಿಕವಾಗಿ ಆಯ್ದದ್ದು ಕರ್ನಾಟಕವನ್ನು.

ಅಪಾಯವೂ ಇದೆ

ಬೆಲೆ ಕಟ್ಟಿದರೆ ‘ದುಡ್ಡು ಕಟ್ಟಿ ಹಾಳು ಮಾಡ್ತೀವಿ’ ಅನ್ನೋರೂ ಬರುತ್ತಾರೆ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸುವವರು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಕಟ್ಟಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ದರ ಒಪ್ಪಿತ್ತು. ಹಣ ಸರ್ಕಾರದ ನಿಧಿಗೆ ಹೋಗುತ್ತೆ, ಕಾಡು ಮಾತ್ರ ಅಲ್ಲಿಗೆ ವಾಪಸ್ ಬರಲ್ಲ.

ಹಾಗಾಗಿ ಈ ಬೆಲೆ ಮಾರಾಟದ ಚೀಟಿ ಅಲ್ಲ, ನಷ್ಟದ ಚೀಟಿ. ರಾಜಕಾಲುವೆಗೆ ಒಂದು ಟ್ರ್ಯಾಕ್ಟರ್ ಕಟ್ಟಡದ ಮಣ್ಣು ಸುರಿದವನಿಗೆ ಒಂದು ಲೋಡಿನ ಸಾಗಣೆ ಉಳಿಯುತ್ತೆ. ಅದರ ಬಿಲ್ ಬರೋದು ಮುಂದಿನ ಮಳೆಗೆ, ತಗ್ಗಿನ ಬೀದಿಯ ಅಂಗಡಿಗೆ.