ನಿಮಗಿದು ಗೊತ್ತೆ? ಸೌರಫಲಕಕ್ಕೂ ಕಲ್ಲಿದ್ದಲು ಬೇಕು!

ಹೊಗೆಯಿಲ್ಲದೆ ಕರೆಂಟು ಕೊಡುವ ಸೌರಫಲಕದ ಹುಟ್ಟು ಕುಲುಮೆಯಲ್ಲಿ. ಫಲಕದ ಸಿಲಿಕಾನ್ ಸಿಗುವುದು ಬೆಣಚುಕಲ್ಲಿನಿಂದ. ಆ ಕಲ್ಲಿನಲ್ಲಿ ಬೆಸೆದುಕೊಂಡ ಆಮ್ಲಜನಕವನ್ನು ಬಿಡಿಸಲು ಇಂಗಾಲ ಬೇಕು. ಅದಕ್ಕೆಂದೇ ಕಲ್ಲಿದ್ದಲು, ಕೋಕ್, ಮರದ ಚೆಕ್ಕೆಗಳನ್ನು ಕಲ್ಲಿನ ಜೊತೆ ವಿದ್ಯುತ್ ಕುಲುಮೆಗೆ ಸುರಿಯುತ್ತಾರೆ. ಒಳಗೆ ಸುಮಾರು 2,000 ಡಿಗ್ರಿ ಸೆಲ್ಸಿಯಸ್ ಶಾಖ. 1 ಕೆ.ಜಿ. ಸಿಲಿಕಾನ್ ಕರಗಿ ಇಳಿಯುವಷ್ಟರಲ್ಲಿ, ಬರೀ ರಾಸಾಯನಿಕ ಕ್ರಿಯೆಯ ಲೆಕ್ಕದಲ್ಲೇ 3 ಕೆ.ಜಿ.ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಕುಲುಮೆಗೆ, ಆಮೇಲಿನ ಶುದ್ಧೀಕರಣಕ್ಕೆ ಸುಡುವ ಕರೆಂಟಿನ ಲೆಕ್ಕ ಬೇರೆ.

ಆದರೂ ಈ ಸಾಲ ಬೇಗನೆ ತೀರುತ್ತದೆ. ಬಿಸಿಲು ಚೆನ್ನಾಗಿರುವ ಕಡೆ, ತನ್ನ ತಯಾರಿಕೆಗೆ ತಗಲಿದ ಶಕ್ತಿಯನ್ನು ಫಲಕ ಒಂದೆರಡು ವರ್ಷದಲ್ಲೇ ಮರಳಿ ಕೊಡುತ್ತದೆ. ಬಾಳಿಕೆ ಸುಮಾರು 25 ವರ್ಷ.

ಹೊಗೆಯ ನಿಜವಾದ ಉಳಿತಾಯ ಎಷ್ಟೆಂಬುದು ಮಾತ್ರ ಫಲಕದ ಕರೆಂಟು ಯಾವ ಕರೆಂಟಿನ ಜಾಗಕ್ಕೆ ಬಂತು ಎಂಬುದರ ಮೇಲಿದೆ. ರಾಯಚೂರಿನ ಉಷ್ಣ ಸ್ಥಾವರದ ಒಂದು ಯೂನಿಟ್ ತಪ್ಪಿದರೆ ಹೊಗೆ ತಪ್ಪಿದಂತೆ. ಶರಾವತಿಯ ಜಲವಿದ್ಯುತ್ ತಪ್ಪಿದರೆ ಲಾಭ ಅಷ್ಟಕ್ಕಷ್ಟೆ.

ಇನ್ನೊಂದು ಸ್ವಾರಸ್ಯ: ಹೀಗೆ ಉಳಿದದ್ದನ್ನು ಫಲಕ ತಯಾರಿಸಿದ ಕಾರ್ಖಾನೆ ತನ್ನ ಹೊಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ. ಹಸಿರುಮನೆ ಅನಿಲಗಳ ಲೆಕ್ಕ ಕೊಡುವ ಬಹುತೇಕ ಕಂಪನಿಗಳು ಅನುಸರಿಸುವ ‘ಜಿಎಚ್‌ಜಿ ಪ್ರೋಟೋಕಾಲ್’ ಪ್ರಕಾರ ಅದನ್ನು ಪ್ರತ್ಯೇಕವಾಗಿಯೇ ತೋರಿಸಬೇಕು. ಇಲ್ಲದಿದ್ದರೆ ಗಾಜು ಮಾಡಿದವರು, ಫಲಕ ಜೋಡಿಸಿದವರು, ಚಾವಣಿಯ ಮೇಲೆ ಹಾಕಿಸಿಕೊಂಡವರು ಎಲ್ಲರೂ ಒಂದೇ ಉಳಿತಾಯವನ್ನು ತಮ್ಮ ತಮ್ಮ ಖಾತೆಗೆ ಬರೆದುಕೊಳ್ಳಬಹುದು.