ಹಿತ್ತಲ ಜಾಗಕ್ಕೂ ಬೆಲೆ ಐತಿ



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಕೈಗೆ ಸಿಗುವ ಗಿಡದ ಗುಣ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗಿಡದ ಮಾತು ಹಾಗಿರಲಿ. ಆ ಗಿಡ ನಿಂತ ಹಿತ್ತಲದ ಬೆಲೆ ನಮಗೆ ಗೊತ್ತೇ?

ನಮ್ಮದು ರಾಣೇಬೆನ್ನೂರು ತಾಲೂಕಿನ ಹಲಗೇರಿ. ಸಂಜೆ ಹೊತ್ತು ನಾವೆಲ್ಲ ಕೂಡಿ ಓದುತ್ತೇವೆ. ಒಂದು ಸಂಜೆ ಒಬ್ಬ ಅಕ್ಕ ತಡವಾಗಿ ಬಂದಳು. ಮುಖ ಬಾಡಿತ್ತು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ.

“ಯಾಕವ್ವ, ಏನಾತು?” ಎಂದು ಕೇಳಿದೆವು.

“ಸಾಲ ಆಗೇತ್ರಿ. ಹಿತ್ತಲ ಕೊಟ್ಟುಬಿಡಬೇಕಂತ ಮಾಡೀನಿ. ಹಾಳು ಬಿದ್ದ ಜಾಗ. ಅರ್ಧ ಗುಂಟೆನೂ ಇಲ್ಲಂತ. ಕೊಳ್ಳೋರು ನಾಳೆ ಬಾಂಡ್ ಪೇಪರ್ ತರ್ತಾರ. ಹೆಬ್ಬೆಟ್ಟು ಒತ್ತಿದರ ಸಾಕಂದಾರ.”

“ಅರ್ಧ ಗುಂಟೆ ಅಂತ ಅಳದವರು ಯಾರು?”

“ಅಳದಿಲ್ಲರಿ. ಅವರ ಹೇಳಿದ್ರು.”

ಮರುದಿನ ಬೆಳಿಗ್ಗೆ ನಾವು ನಾಲ್ಕು ಮಂದಿ ಟೇಪು ಹಿಡಿದು ಅವಳ ಮನೆಗೆ ಹೋದೆವು.

ಮೊದಲು ಅಳೆಯೋಣ

ಹಿತ್ತಲದಲ್ಲಿ ಜಾಲಿಮುಳ್ಳು ಬೆಳೆದಿತ್ತು. ಅದನ್ನು ಸರಿಸಿದೆವು. ಟೇಪು ಹಿಡಿದೆವು. ಉದ್ದ 50 ಅಡಿ. ಅಗಲ 22 ಅಡಿ. ಉದ್ದವನ್ನು ಅಗಲದಿಂದ ಗುಣಿಸಬೇಕು. 50 × 22 = 1100 ಚದರ ಅಡಿ.

ಒಂದು ಗುಂಟೆ ಎಂದರೆ ಎಷ್ಟು? 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 1089 ಚದರ ಅಡಿ. ಇಂಥ 40 ಗುಂಟೆ ಕೂಡಿದರೆ ಒಂದು ಎಕರೆ.

ಅಕ್ಕ ಪಾಟಿಯ ಮೇಲೆ ಲೆಕ್ಕ ಮಾಡಿದಳು. ಮತ್ತೊಮ್ಮೆ ಮಾಡಿದಳು. “ಅಯ್ಯ, ಇದು ಒಂದು ಗುಂಟೆಗಿಂತ ಜಾಸ್ತಿ ಆತಲ್ರಿ!” ಎಂದಳು. ಅರ್ಧದ ಬೆಲೆಗೆ ಇಡೀ ಜಾಗ ಹೋಗುವುದಿತ್ತು.

ನಾಲ್ಕು ದಿಕ್ಕು ನೋಡೋಣ

ಮನೆಯ ಹಳೆಯ ಕಾಗದಗಳು ಟ್ರಂಕಿನಲ್ಲಿದ್ದವು. ಅದರಲ್ಲಿ ಚಕ್ಕುಬಂದಿ ಬರೆದಿತ್ತು. ಚಕ್ಕುಬಂದಿ ಎಂದರೆ ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಅಕ್ಕ ಅಕ್ಷರ ಕೂಡಿಸಿ ಓದಿದಳು. “ಪೂ-ರ್ವ-ಕ್ಕೆ... ರ-ಸ್ತೆ.”

ಅವಳ ಅತ್ತೆಯ ಕಾಲಕ್ಕೆ ಅದು ಬಂಡಿ ದಾರಿ. ಈಗ ಅಲ್ಲಿ ಡಾಂಬರು ಬಿದ್ದಿದೆ. ಮನೆ ಮುಂದೆ ಓಣಿ, ಹಿತ್ತಲಿಗೆ ಡಾಂಬರು ರಸ್ತೆ! ಜಾಗ ಅಲ್ಲೇ ಇದೆ. ಅದರ ಸುತ್ತಲಿನ ಲೋಕ ಬದಲಾಗಿದೆ. ಕೊಳ್ಳುವವರಿಗೆ ಅದು ಕಂಡಿತ್ತು. ನಮಗೆ ಕಂಡಿರಲಿಲ್ಲ.

ನಮ್ಮ ಸೀಮೆಯನ್ನೇ ನೋಡಿ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. ಕಚೇರಿಗಳು ಬಂದವು. ಜನರ ಓಡಾಟ ಹೆಚ್ಚಿತು. ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರಿನ ಬದಿಗೇ ಹಾದಿದೆ. ರಸ್ತೆ, ನೀರು, ಶಾಲೆ, ಸಂತೆ ಹತ್ತಿರವಾದಂತೆ ಜಾಗದ ಬೆಲೆ ಏರುತ್ತದೆ. ಹತ್ತು ವರ್ಷದ ಹಿಂದಿನ ಬೆಲೆಯನ್ನು ಇಂದಿನ ಬೆಲೆ ಎಂದು ನಂಬಬಾರದು.

ಕಾಗದ ಓದೋಣ

ಕಾಗದ ಸರಿ ಇಲ್ಲದ ಜಾಗ ಕೀಲಿ ಕಳೆದ ಪೆಟ್ಟಿಗೆ ಇದ್ದ ಹಾಗೆ. ಒಳಗೆ ಬಂಗಾರ ಇದ್ದರೂ ತೆಗೆಯಲು ಬರುವುದಿಲ್ಲ. ಬ್ಯಾಂಕು ಅದರ ಮೇಲೆ ಸಾಲ ಕೊಡುವುದಿಲ್ಲ. ಕೊಳ್ಳುವವರು ಬೆಲೆ ಇಳಿಸುತ್ತಾರೆ.

ಹೊಲಕ್ಕೆ ಉತಾರ ಇರುತ್ತದೆ. ಹಳ್ಳಿಯ ಮನೆಗೆ, ಖಾಲಿ ಜಾಗಕ್ಕೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ಉತಾರ ಇರುತ್ತದೆ. ಅದಕ್ಕೆ ನಮೂನೆ 9, ನಮೂನೆ 11 ಎನ್ನುತ್ತಾರೆ. ಅದರಲ್ಲಿ ಮಾಲೀಕರ ಹೆಸರು, ಅಳತೆ, ಚಕ್ಕುಬಂದಿ ಇರುತ್ತವೆ. 2020ರಲ್ಲಿ ‘ಸ್ವಾಮಿತ್ವ’ ಯೋಜನೆ ಶುರುವಾಯಿತು. ಇದರಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ಮನೆ, ಜಾಗ ಅಳೆದು ಆಸ್ತಿ ಕಾರ್ಡು ಕೊಡುತ್ತಾರೆ. ಅಳೆಯಲು ಬಂದಾಗ ನಾವು ಮನೆಯಲ್ಲಿರಬೇಕು. ನಮ್ಮ ಗಡಿ ನಾವೇ ತೋರಿಸಬೇಕು.

ಒಂದು ಮಾತು ನೆನಪಿಡಿ. ಮನೆ ಕರ ಕಟ್ಟಿದ ರಸೀದಿಯಿಂದಲೇ ಮಾಲೀಕತ್ವ ಬರುವುದಿಲ್ಲ. ಆದರೂ ರಸೀದಿ ಜೋಪಾನ ಮಾಡಬೇಕು.

ಹೆಸರು ಯಾರದು?

ಅಕ್ಕನ ಉತಾರದಲ್ಲಿ ಇನ್ನೂ ತೀರಿಹೋದ ಗಂಡನ ಹೆಸರೇ ಇತ್ತು. ವಾರಸಾ ಹಚ್ಚಿಸಿರಲಿಲ್ಲ. ಹಲವು ಮನೆಗಳ ಕಥೆ ಇದೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಏನು ಹೇಳುತ್ತದೆ? ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿಗೆ, ಮಕ್ಕಳಿಗೆ, ಅವನ ತಾಯಿಗೆ ಸಮ ಪಾಲು. ಮಕ್ಕಳೆಂದರೆ ಗಂಡೂ ಹೌದು, ಹೆಣ್ಣೂ ಹೌದು. ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ಕಾನೂನು ತಿದ್ದಿತು. 2005ರಲ್ಲಿ ಇಡೀ ದೇಶಕ್ಕೆ ಈ ತಿದ್ದುಪಡಿ ಬಂತು. ಮುಸ್ಲಿಂ, ಕ್ರೈಸ್ತ ಮನೆತನಗಳಿಗೆ ಬೇರೆ ಕಾನೂನು ಇದೆ. ಅಲ್ಲಿಯೂ ಹೆಂಡತಿಗೆ, ಮಗಳಿಗೆ ಪಾಲು ಉಂಟು.

ಆದ್ದರಿಂದ ‘ಹಕ್ಕು ಬಿಟ್ಟ ಪತ್ರ’ ಎಂದು ಯಾರಾದರೂ ಮುಂದೆ ಹಿಡಿದರೆ ಅವಸರ ಬೇಡ. ಪೂರ್ತಿ ಓದಿ. ತಿಳಿಯದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ತಾಲೂಕಿನ ಕೋರ್ಟಿನಲ್ಲಿ ಅದು ಇರುತ್ತದೆ. ಹೆಂಗಸರಿಗೆ ಅಲ್ಲಿ ಕಾನೂನು ನೆರವು ಉಚಿತ.

ಮಾರದೆಯೂ ಗಳಿಸಬಹುದು

ಜಾಗ ಮಾರಿದರೆ ರೊಕ್ಕ ಒಮ್ಮೆ ಬರುತ್ತದೆ. ಉಳಿಸಿಕೊಂಡು ಬಳಸಿದರೆ ವರ್ಷಾ ವರ್ಷ ಬರುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ಒಣಗಿಸಲು ಜಾಗ ಬೇಕು. ತುಂಬು ಬಿಡಿಸಲು ನೆರಳು ಬೇಕು. ಮಣ್ಣು ಕಲ್ಲು ತಾಗದಂತೆ ಒಣಗಿದ ಕೆಂಪು ಕಾಯಿಗೆ ಪೇಟೆಯಲ್ಲಿ ಒಳ್ಳೆಯ ದರ. ಹಸನು ಮಾಡಿದ ಹಿತ್ತಲವೇ ಒಂದು ಕಣ. ರಸ್ತೆ ಬದಿಗಾದರೆ ಸಣ್ಣ ಅಂಗಡಿಗೆ ಬಾಡಿಗೆ ಕೊಡಬಹುದು. ಬಾಡಿಗೆ ಕರಾರನ್ನು ಮಾತ್ರ ಬರವಣಿಗೆಯಲ್ಲೇ ಮಾಡಬೇಕು. ನುಗ್ಗೆ, ಕರಿಬೇವು, ನಿಂಬೆ ಹಚ್ಚಿದರೆ ಮನೆಗೂ ಆಯಿತು, ಸಂತೆಗೂ ಆಯಿತು.

ಮಾಳಿಗೆಗೂ ಬೆಲೆ ಇದೆ. 20 ಅಡಿ ಉದ್ದ, 15 ಅಡಿ ಅಗಲದ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಸುಮಾರು 280 ಲೀಟರ್ ನೀರು. ಸ್ವಲ್ಪ ಸೋರಿ ಹೋದರೂ 15 ಲೀಟರಿನ 16 ಕೊಡ ತುಂಬುತ್ತವೆ. ಇಂದು ಆ ನೀರು ಗಟಾರಿಗೆ ಹೋಗುತ್ತಿದೆ.

ಮಾರಲೇಬೇಕಾದರೆ

ಕಷ್ಟ ಯಾರಿಗೂ ತಪ್ಪಿದ್ದಲ್ಲ. ಮಾರಲೇಬೇಕಾದ ಕಾಲವೂ ಬರುತ್ತದೆ. ಆಗ ಹೀಗೆ ಮಾಡಿ.

ಉಪ ನೋಂದಣಿ ಕಚೇರಿಗೆ ಹೋಗಿ ನಿಮ್ಮ ಊರಿನ ಮಾರ್ಗಸೂಚಿ ದರ ಕೇಳಿ. ಅದು ಸರ್ಕಾರ ಗೊತ್ತು ಮಾಡಿದ ದರ. ಪೇಟೆಯ ದರ ಅದಕ್ಕಿಂತ ಹೆಚ್ಚು ಇರಬಹುದು. ಅಕ್ಕಪಕ್ಕದ ಜಾಗ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿ. ಒಬ್ಬರನ್ನೇ ನಂಬದೆ ಮೂವರನ್ನು ಕೇಳಿ. ಪಾಲುದಾರರೆಲ್ಲರ ಒಪ್ಪಿಗೆ ಪಡೆಯಿರಿ.

100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಜಾಗದ ಮಾರಾಟ ನೋಂದಣಿ ಆಗಲೇಬೇಕು. ಬರೀ ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಮಾರಾಟ ಆಗುವುದಿಲ್ಲ. ಜಗಳ ಮಾತ್ರ ಹುಟ್ಟುತ್ತದೆ.

ಅಕ್ಕ ಏನು ಮಾಡಿದಳು?

ಕೊಳ್ಳುವವರು ಬಂದರು. ಬಾಂಡ್ ಪೇಪರ್, ಮಸಿ ಡಬ್ಬಿ ತೆಗೆದಿಟ್ಟರು.

“ಒಂದು ಗುಂಟೆ ಮ್ಯಾಲ ಐತ್ರಿ. ನಾವ ಅಳದೇವಿ. ಹಿಂದ ಡಾಂಬರು ರಸ್ತೆನೂ ಐತಿ” ಎಂದಳು ಅಕ್ಕ.

ಅವರು ಅಲ್ಲೇ ನಿಂತು ಬೆಲೆ ಏರಿಸಿದರು. ಆಗ ಅವಳಿಗೆ ಎಲ್ಲ ತಿಳಿಯಿತು. “ವಿಚಾರ ಮಾಡಿ ಹೇಳ್ತೀನ್ರಿ” ಎಂದು ಕಾಗದ ತಿರುಗಿ ಕೊಟ್ಟಳು.

ಸಂಘದಿಂದ ಸಾಲ ತೆಗೆದು ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿಸಿದಳು. ವಾರಸಾಕ್ಕೆ ಅರ್ಜಿ ಕೊಟ್ಟಳು. ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತಲಿಲ್ಲ, ತನ್ನ ಹೆಸರು ಬರೆದಳು. ಸುಗ್ಗಿಯಲ್ಲಿ ಹಿತ್ತಲವನ್ನು ಮೆಣಸಿನಕಾಯಿ ಒಣಗಿಸಲು ಬಾಡಿಗೆಗೆ ಕೊಟ್ಟಳು. ಸಾಲ ಇನ್ನೂ ಪೂರ್ತಿ ತೀರಿಲ್ಲ. ಆದರೆ ಹಿತ್ತಲ ಅವಳ ಕೈಯಲ್ಲೇ ಇದೆ.

ನಾವೂ ಮಾಡೋಣ

1. ನಮ್ಮ ಮನೆ, ಹಿತ್ತಲ ಅಳೆಯೋಣ. ಚದರ ಅಡಿಯ ಲೆಕ್ಕ ಬರೆಯೋಣ.
2. ಟ್ರಂಕು ತೆಗೆದು ಉತಾರ ಹುಡುಕೋಣ. ಅದರಲ್ಲಿ ಯಾರ ಹೆಸರಿದೆ? ಓದೋಣ.
3. ಚಕ್ಕುಬಂದಿ ಓದೋಣ. ನಾಲ್ಕು ದಿಕ್ಕಿಗೆ ನಡೆದು ನೋಡೋಣ. ಏನೇನು ಬದಲಾಗಿದೆ?